ಹಾಡು ಕೇಳಲಿಕ್ಕೆ ನೆಪ ಯಾಕೆ?

ನಮ್ಮ ಸಿರುಗುಪ್ಪದಂಥ ಊರಿನಲ್ಲಿ ಹೆಂಗಸೊಬ್ಬಳು ರಾತ್ರಿ ಒಂಬತ್ತರ ಮೇಲೆ ಮನೆಯ ಹೊರಗಿದ್ದರೂ ಯಾರೂ ಹುಬ್ಬೇರಿಸದ ಕಾರಣಗಳು ನಾಲ್ಕೇ ನಾಲ್ಕು: ಮದುವೆ, ಸಾವು, ಆಸ್ಪತ್ರೆ, ದೇವರು. ಮದುವೆಯ ಮನೆಯಲ್ಲಿ ನಡುರಾತ್ರಿಯವರೆಗೆ ಹೋಳಿಗೆ ಲಟ್ಟಿಸುತ್ತ ಕೂರಬಹುದು. ಹೆಣದ ಮುಂದೆ ಬೆಳಗಿನತನಕ ಕೂರಬಹುದು. ಹೆರಿಗೆ ವಾರ್ಡಿನ ಬೆಂಚಿನ ಮೇಲೆ ನಾಲ್ಕು ರಾತ್ರಿ ಕಳೆಯಬಹುದು. ಶಿವರಾತ್ರಿಯ ಜಾಗರಣೆಗೆ ಕಣ್ಣು ಕೆಂಪಗೆ ಮಾಡಿಕೊಂಡು ಬಂದರೆ ಗೌರವವೇ ಹೆಚ್ಚುತ್ತದೆ. ಆದರೆ ಐದನೆಯ ಕಾರಣವೊಂದನ್ನು ಹೇಳಿ ನೋಡಿ: "ಬಳ್ಳಾರಿಯ ರಂಗಮಂದಿರದಲ್ಲಿ ಇವತ್ತು ರಂಗಗೀತೆ ಹಾಡ್ತಾರೆ, ಕೇಳಿಕೊಂಡು ಬರ್ತೀನಿ."

ಆಗ ಶುರುವಾಗುತ್ತದೆ ನೋಡಿ ವಿಚಾರಣೆ. "ನಿಮ್ಮವರು ಯಾರಾದ್ರೂ ಹಾಡ್ತಾರೇನ್ರಿ ಟೀಚರ್?" ಇಲ್ಲ. "ಶಾಲಿ ಹುಡುಗರನ್ನ ಕರ್ಕೊಂಡು ಹೊಂಟೀರೇನು?" ಇಲ್ಲ. "ನಿಮಗೇನಾರ ಸನ್ಮಾನ ಐತೇನು?" ಅದೂ ಇಲ್ಲ. "ಮತ್ತ ಯಾಕ್ರೀ?" ಸುಮ್ಮನೆ, ಕೇಳಲಿಕ್ಕೆ. ಅಷ್ಟು ಹೇಳಿದ ಕೂಡಲೇ ಎದುರಿದ್ದವರ ಮುಖದಲ್ಲಿ ಒಂದು ಬಗೆಯ ಗಲಿಬಿಲಿ ಕಾಣುತ್ತದೆ. ನಾನು ಏನನ್ನೋ ಮುಚ್ಚಿಡುತ್ತಿದ್ದೇನೆ ಎಂದು ಅವರಿಗೆ ಅನುಮಾನ.

ಈ "ಸುಮ್ಮನೆ" ಎಂಬ ಮಾತಿನ ಮೇಲೆಯೇ ನನ್ನ ತಕರಾರಿರುವುದು. ಗಂಡಸರಿಗೆ ಈ ಪದ ಹುಟ್ಟಿನಿಂದ ಬಳುವಳಿಯಾಗಿ ಬಂದಿದೆ. ಸುಮ್ಮನೆ ಬಸ್‌ಸ್ಟ್ಯಾಂಡಿನ ಕಡೆ ಹೋಗಿ ಬರುತ್ತಾರೆ, ಸುಮ್ಮನೆ ಹೋಟೆಲಿನ ಮುಂದೆ ನಿಲ್ಲುತ್ತಾರೆ, ಸುಮ್ಮನೆ ರಾತ್ರಿ ಹನ್ನೊಂದರವರೆಗೆ ಕಟ್ಟೆಯ ಮೇಲೆ ಕೂತು ಊರಿನ ರಾಜಕೀಯವನ್ನೆಲ್ಲ ತಿದ್ದುತ್ತಾರೆ. ಯಾರೂ ಲೆಕ್ಕ ಕೇಳುವುದಿಲ್ಲ. ಹೆಣ್ಣಿನ ಹೊತ್ತಿಗೆ ಮಾತ್ರ ಸದಾ ಒಂದು ರಸೀದಿ ಬೇಕು. ಅದರಿಂದ ಮನೆಗೆ ಲಾಭವಾಗಬೇಕು, ಇಲ್ಲವೆ ಮಕ್ಕಳಿಗೆ, ಅದೂ ಇಲ್ಲವೆಂದರೆ ಕೊನೆಗೆ ಪುಣ್ಯವಾದರೂ ಬರಬೇಕು. ಭಜನೆಗೆ ಹೋಗಿ, ಬೇಡ ಎನ್ನುವುದಿಲ್ಲ. ಏಕೆಂದರೆ ಅಲ್ಲಿ ಪುಣ್ಯವಿದೆ. ಬರೀ ಖುಷಿಗಾಗಿ ಹೋಗುತ್ತೇನೆಂದರೆ ತಪ್ಪು! ಕಿವಿ ನಮ್ಮದೇ, ಗಳಿಸಿದ ಸಂಬಳ ನಮ್ಮದೇ, ಸವೆದ ಕಾಲೂ ನಮ್ಮದೇ. ಆದರೂ ಒಂದು ಹಾಡಿನ ಮುಂದೆ ಎರಡು ಗಂಟೆ ಕೂರಲು ನಾವು ಸುಳ್ಳು ನೆಪವೊಂದನ್ನು ಹುಡುಕಬೇಕು. ಇದು ಅನ್ಯಾಯ ಎಂದು ನಾನು ಹೇಳುತ್ತೇನೆ.

"ಇದೆಲ್ಲ ನಮ್ಮ ಸಂಪ್ರದಾಯದಲ್ಲಿಲ್ಲ" ಎನ್ನುವವರಿಗೆ ನಾನು ನಮ್ಮ ಹಳ್ಳಿಗಳನ್ನು ತೋರಿಸುತ್ತೇನೆ. ನಾನು ಚಿಕ್ಕವಳಿದ್ದಾಗ ಅಜ್ಜಿಯ ಊರಿನಲ್ಲಿ ಸುಗ್ಗಿ ಮುಗಿದ ಮೇಲೆ ಬಯಲಾಟವಾಗುತ್ತಿತ್ತು. ಅಟ್ಟ ಕಟ್ಟಿ ರಾತ್ರಿ ಹತ್ತಕ್ಕೆ ಶುರುವಾದರೆ ಸೂರ್ಯ ಹುಟ್ಟುವವರೆಗೆ ಆಟ. ಹೆಂಗಸರು ಸಂಜೆಯೇ ರೊಟ್ಟಿ ಬಡಿದಿಟ್ಟು, ಮಕ್ಕಳನ್ನೂ ಕೌದಿಯನ್ನೂ ಕಂಕುಳಲ್ಲಿ ಹಿಡಿದು ಅಕ್ಕಪಕ್ಕದ ಮಾಳಿಗೆಗಳ ಮೇಲೆ ಜಾಗ ಹಿಡಿಯುತ್ತಿದ್ದರು. ಮಕ್ಕಳು ಮಲಗುತ್ತಿದ್ದವು, ತಾಯಂದಿರು ಮಲಗುತ್ತಿರಲಿಲ್ಲ. ಯಾವ ಪಾತ್ರಧಾರಿಯ ದನಿ ಒಡೆಯಿತು, ಯಾರು ತಾಳ ತಪ್ಪಿದರು, ಮದ್ದಳೆಯವನ ಕೈ ಹೇಗಿತ್ತು ಎಂದು ಮರುದಿನ ಬಾವಿಯ ಹತ್ತಿರ ಅವರು ಮಾಡುತ್ತಿದ್ದ ವಿಮರ್ಶೆಯನ್ನು ಇವತ್ತಿನ ಯಾವ ಪತ್ರಿಕೆಯಲ್ಲೂ ನಾನು ಓದಿಲ್ಲ. ಓದು ಬಾರದ ನಮ್ಮಜ್ಜಿಗೆ ಇಡೀ ರಾತ್ರಿ ಪದ ಕೇಳುವ ಸ್ವಾತಂತ್ರ್ಯವಿತ್ತು. ಬಿ.ಎ., ಬಿ.ಎಡ್. ಮಾಡಿದ ಮೊಮ್ಮಗಳಿಗೆ ಒಂಬತ್ತು ಗಂಟೆಗೆ ಬಾಗಿಲು! ಹಾಗಾದರೆ ಈ ಬಾಗಿಲು ಹಾಕಿದವರು ಯಾರು? ಸಂಪ್ರದಾಯವಂತೂ ಅಲ್ಲ. ಊರು ಬೆಳೆದು ಪಟ್ಟಣವಾಗಿ, ನಾವು "ಮರ್ಯಾದಸ್ಥರ ಮನೆಯವರು" ಆದಾಗ ಈ ಬಾಗಿಲೂ ನಮ್ಮ ಹೊಸ ಮನೆಗಳ ಗ್ರಿಲ್ಲಿನ ಜೊತೆಗೇ ಬಂತು.

ಇನ್ನು ನಮ್ಮ ಜಿಲ್ಲೆಯ ರಂಗಭೂಮಿಯನ್ನೇ ನೋಡಿ. ಇಲ್ಲಿಂದ ಸುಮಾರು 55 ಕಿಲೋಮೀಟರ್ ದೂರದ ಬಳ್ಳಾರಿಗೆ ನಾಟಕದ ನಂಟು ನೂರು ವರ್ಷಕ್ಕೂ ಹಳೆಯದು. ಧರ್ಮವರಂ ಕೃಷ್ಣಮಾಚಾರ್ಯರು ಅಲ್ಲಿ 1886ರಲ್ಲಿ ಸರಸ ವಿನೋದಿನಿ ಸಭಾ ಕಟ್ಟಿ ತೆಲುಗು ನಾಟಕಗಳನ್ನು ಆಡಿಸಿದರು. ಆ ನಾಟಕಗಳಲ್ಲಿ ಮಾತಿನಷ್ಟೇ ಹಾಡಿಗೂ ಜಾಗವಿತ್ತು. ಅದೇ ಊರಿನಲ್ಲಿ ವಕೀಲರಾಗಿದ್ದ ಬಳ್ಳಾರಿ ರಾಘವರು (1880–1946) ಹೆಣ್ಣಿನ ಪಾತ್ರವನ್ನು ಹೆಣ್ಣೇ ಮಾಡಬೇಕು ಎಂದು ಹಟ ಹಿಡಿದವರು. ಗಂಡಸರು ಸೀರೆಯುಟ್ಟು ದ್ರೌಪದಿಯಾಗುತ್ತಿದ್ದ ಕಾಲದಲ್ಲಿ ಇದು ಸಣ್ಣ ಮಾತಲ್ಲ. ಅವರ ಹೆಸರಿನ ರಾಘವ ಕಲಾಮಂದಿರ ಇವತ್ತಿಗೂ ಬಳ್ಳಾರಿಯಲ್ಲಿದೆ. ಗಮಕಿಯಾಗಿ, ನಟರಾಗಿ ಹೆಸರಾದ ಜೋಳದರಾಶಿ ದೊಡ್ಡನಗೌಡರ (1910–1994) ಹೆಸರಿನಲ್ಲೂ ಅಲ್ಲಿ ರಂಗಮಂದಿರವಿದೆ. ಮತ್ತೆ ನಮ್ಮ ಸುಭದ್ರಮ್ಮ ಮನ್ಸೂರು! ಕಂಪನಿ ನಾಟಕಗಳಲ್ಲಿ ಬೆಳೆದು, ಇಳಿವಯಸ್ಸಿನಲ್ಲೂ ತುಂಬಿದ ಕಂಠದಲ್ಲಿ ರಂಗಗೀತೆ ಹಾಡುತ್ತಿದ್ದ ಅವರು 2020ರಲ್ಲಿ ನಮ್ಮನ್ನು ಅಗಲಿದರು. ರಾಘವರು ಕೇಳಿದ ಪ್ರಶ್ನೆಗೆ ಸುಭದ್ರಮ್ಮನಂಥವರು ತಮ್ಮ ಇಡೀ ಬದುಕನ್ನೇ ಉತ್ತರವಾಗಿ ಕೊಟ್ಟರು.

ವೇದಿಕೆಯ ಮೇಲೆ ಹೆಣ್ಣು ಬಂದಳು, ಸರಿ. ವೇದಿಕೆಯ ಕೆಳಗೆ? ಕುರ್ಚಿಗಳ ಸಾಲಿನಲ್ಲಿ? ಅಲ್ಲಿ ಇವತ್ತಿಗೂ ಗಂಡಸರೇ ಹೆಚ್ಚು. ಹಾಡುವವಳು ಹೆಣ್ಣು, ತಲೆದೂಗುವವರು ಗಂಡಸರು. ಈ ವ್ಯವಸ್ಥೆಯಿಂದ ನಷ್ಟವಾದದ್ದು ಕೇಳಲು ಹೋಗದ ನಮಗೆ ಮಾತ್ರವಲ್ಲ, ಹಾಡಿದವರಿಗೂ ಆಗಿದೆ. ನಮ್ಮ ಭಾಗದಲ್ಲಿ ರಂಗದ ಮೇಲೆ ಮೊದಮೊದಲು ಬಂದ ಹೆಣ್ಣುಮಕ್ಕಳಲ್ಲಿ ಅನೇಕರು ದೇವದಾಸಿ ಮನೆತನಗಳವರು ಎಂಬುದು ಎಲ್ಲರಿಗೂ ಗೊತ್ತಿರುವ, ಯಾರೂ ಜೋರಾಗಿ ಹೇಳದ ಸಂಗತಿ. ದೇವದಾಸಿ ಪದ್ಧತಿಯನ್ನು ನಿಷೇಧಿಸುವ ಕಾಯಿದೆಯನ್ನು ಕರ್ನಾಟಕ 1982ರಲ್ಲೇ ಮಾಡಿತು. ಆದರೆ ಹಾಡುವ ಹೆಣ್ಣನ್ನು ಓರೆಗಣ್ಣಿನಿಂದ ನೋಡುವುದನ್ನು ಯಾವ ಕಾಯಿದೆ ನಿಷೇಧಿಸಬಲ್ಲದು? ಗಂಗೂಬಾಯಿ ಹಾನಗಲ್ (1913–2009) ಎಂಥ ದೊಡ್ಡ ಗಾಯಕಿ! ಧಾರವಾಡದ ಬೀದಿಯಲ್ಲಿ ನಡೆದರೆ "ಗಾನೇವಾಲಿ" ಎಂದು ಜನ ಹಂಗಿಸುತ್ತಿದ್ದುದನ್ನು ಅವರೇ ನೆನೆಸಿಕೊಂಡಿದ್ದಾರೆ. ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಸವಾಯಿ ಗಂಧರ್ವರ ಹತ್ತಿರ ಪಾಠ ಕಲಿತು ಬಂದವರು ಅವರು. ಗಂಡಸು ಹಾಡಿದರೆ ಪಂಡಿತ, ಉಸ್ತಾದ. ಹೆಂಗಸು ಎಷ್ಟೇ ಎತ್ತರಕ್ಕೆ ಹೋದರೂ ಬಾಯಿಯಾಗಿಯೇ ಉಳಿಯುತ್ತಾಳೆ ಎಂದು ಅವರು ಹೇಳಿದ ಮಾತು ನಮಗೆ ಚುಚ್ಚಬೇಕು. ಏಕೆಂದರೆ "ಅಂಥ ಜಾಗಕ್ಕೆ ನಮ್ಮಂಥವರು ಹೋಗಬಾರದು" ಎಂದು ನಾವು ಮನೆಯಲ್ಲೇ ಕುಳಿತಷ್ಟು ಕಾಲವೂ ಅದು "ಅಂಥ ಜಾಗ"ವಾಗಿಯೇ ಉಳಿಯುತ್ತದೆ. ಮುಂದಿನ ಸಾಲಿನಲ್ಲಿ ಹತ್ತು ಜನ ಟೀಚರುಗಳು, ನರ್ಸುಗಳು, ಗೃಹಿಣಿಯರು ಕೂತು ಚಪ್ಪಾಳೆ ತಟ್ಟಿದರೆ ಹಾಡುವವಳ ಬೆನ್ನು ನೇರವಾಗುತ್ತದೆ. 1958ರಲ್ಲಿ ಆರ್. ನಾಗರತ್ನಮ್ಮನವರು ಮೈಸೂರಿನಲ್ಲಿ ಸ್ತ್ರೀ ನಾಟಕ ಮಂಡಳಿ ಕಟ್ಟಿ, ಕಂಸ, ರಾವಣರ ಪಾತ್ರಗಳನ್ನೂ ತಾವೇ ಮಾಡಿ ತೋರಿಸಿದರು. ಮೀಸೆ ಅಂಟಿಸಿಕೊಂಡು ಗದೆ ಹೊರುವ ಧೈರ್ಯ ಅವರಿಗಿತ್ತು. ಬರೀ ಕುರ್ಚಿಯ ಮೇಲೆ ಕೂರುವ ಧೈರ್ಯ ನಮಗೆ ಬೇಡವೆ?

"ಮೊಬೈಲಿನಲ್ಲಿ ಎಲ್ಲ ಬರುತ್ತದಲ್ಲ, ಮನೆಯಲ್ಲೇ ಕೂತು ಕೇಳಿ" ಎನ್ನುವುದು ಇನ್ನೊಂದು ವಾದ. ಕೇಳುತ್ತೇವೆ ನಿಜ. ಹೇಗೆ ಕೇಳುತ್ತೇವೆ? ಕುಕ್ಕರಿನ ಸೀಟಿಯ ನಡುವೆ, ಮಿಕ್ಸಿ ನಿಂತಾಗ ಒಂದು ಸಾಲು, ಬಾಗಿಲು ತೆಗೆಯಲು ಎದ್ದಾಗ ಹೋದ ಎರಡು ಸಾಲು. ಮನೆಯೊಳಗೆ ಹೆಂಗಸಿನ ಕಿವಿ ಎಂದೂ ಪೂರ್ತಿಯಾಗಿ ಅವಳದಲ್ಲ. ಅರ್ಧ ಕಿವಿ ಒಲೆಯ ಮೇಲೆ, ಕಾಲು ಕಿವಿ ಗೇಟಿನ ಮೇಲೆ. ರಂಗಮಂದಿರದ ಕತ್ತಲೆಯಲ್ಲಿ ಕೂತಾಗ ಮಾತ್ರ ಎರಡೂ ಕಿವಿ ನಮ್ಮವಾಗುತ್ತವೆ. "ಅಮ್ಮಾ, ಟವೆಲ್ ಎಲ್ಲಿ?" ಎಂದು ಅಲ್ಲಿ ಯಾರೂ ಕೇಳುವುದಿಲ್ಲ.

ಮತ್ತೆ, ಕಣ್ಣೆದುರು ಹುಟ್ಟುವ ಹಾಡಿನ ರುಚಿಯೇ ಬೇರೆ. ರಂಗಗೀತೆಯ ರಾತ್ರಿಯಲ್ಲಿ ಒಮ್ಮೆ ಕೂತು ನೋಡಿ. ಕಾಲಿನಿಂದ ತುಳಿಯುವ ಹಳೆಯ ಹಾರ್ಮೋನಿಯಂ ಒಂದು, ತಬಲಾ ಒಂದು. ಹಾರ್ಮೋನಿಯಂ ಮಾಸ್ತರರು ಸ್ವರ ಹಿಡಿದ ಕೂಡಲೇ ಹಿಂದಿನ ಸಾಲಿನ ಹಿರಿಯರು ಯಾವ ನಾಟಕದ ಯಾವ ದೃಶ್ಯವೆಂದು ಗುರುತು ಹಿಡಿದು ಗೊಣಗುತ್ತಾರೆ. ಹಾಡುವವಳು ಒಂದು ಸಾಲನ್ನು ಹೇಳಿ ಬಿಡುತ್ತಾಳೆ, ಮತ್ತೆ ಅದೇ ಸಾಲನ್ನು ಇನ್ನೊಂದು ದಾರಿಯಿಂದ ತರುತ್ತಾಳೆ. ಕಂದಗಲ್ಲ ಹನುಮಂತರಾಯರ "ರಕ್ತರಾತ್ರಿ"ಯ ಹಾಡಾದರೆ ಸಭೆಯ ಉಸಿರೇ ಬದಲಾಗುತ್ತದೆ. ನಮ್ಮದು ಗಡಿಸೀಮೆ, ಎರಡೂ ಭಾಷೆಯ ಜನ. ನಡುವೆ ಯಾರಾದರೂ ತೆಲುಗು ನಾಟಕದ ಪದ್ಯವೊಂದನ್ನು ಎತ್ತಿ, ಕೊನೆಯ ಸಾಲಿನ ರಾಗವನ್ನು ಎಳೆದೆಳೆದು ಮೇಲಕ್ಕೆ ಒಯ್ದರೆ ಕನ್ನಡದವರೂ ತೆಲುಗಿನವರೂ ಒಟ್ಟಿಗೆ "ಒನ್ಸ್ ಮೋರ್" ಎಂದು ಕೂಗುತ್ತಾರೆ. ಆಕೆ ನಕ್ಕು, ನೀರು ಕುಡಿದು, ಮತ್ತೆ ಹಾಡುತ್ತಾಳೆ. ಎರಡನೆಯ ಸಲ ಹಾಡಿದ್ದು ಮೊದಲನೆಯದರಂತೆ ಇರುವುದಿಲ್ಲ. ಅದು ಕೇಳಿದವರಿಗಾಗಿಯೇ ಆ ಕ್ಷಣಕ್ಕೆ ಹುಟ್ಟಿದ ಹಾಡು. ಯಾವ ಮೊಬೈಲು ನಮ್ಮ ಕೂಗಿಗೆ ಓಗೊಟ್ಟು ಹಾಡನ್ನು ಬದಲಿಸಿತು? ನನ್ನ ಜೊತೆ ಬಂದಿದ್ದ ಸಹೋದ್ಯೋಗಿಯೊಬ್ಬರು, ಶಾಲೆಯಲ್ಲಿ ಅತಿ ಮೆದು ಮಾತಿನವರು, ಮೊದಲ ಬಾರಿಗೆ "ಒನ್ಸ್ ಮೋರ್" ಎಂದು ಕೂಗಿ ತಾವೇ ಬಾಯಿಗೆ ಸೆರಗು ಒತ್ತಿಕೊಂಡರು. ಮತ್ತೊಮ್ಮೆ ಬೇಕು ಎಂದು ಬಾಯಿಬಿಟ್ಟು ಕೇಳುವುದನ್ನು ನಮಗೆ ಯಾರೂ ಕಲಿಸಿರಲಿಲ್ಲ. ಬಡಿಸುವುದನ್ನಷ್ಟೇ ಕಲಿಸಿದ್ದರು.

ಹಿಂದೂಸ್ತಾನಿ ಸಂಗೀತದವರು ರಾಗಗಳಿಗೆ ಹೊತ್ತು ಗೊತ್ತುಮಾಡಿದ್ದಾರೆ. ಆ ಹೊತ್ತನ್ನು ನಮ್ಮ ಅಡುಗೆಮನೆಯ ಗಡಿಯಾರದ ಪಕ್ಕದಲ್ಲಿಟ್ಟು ನೋಡಿ. ಬೆಳಗಿನ ಜಾವ ಭೈರವ. ಆಗ ನಾವು ಒಲೆಯ ಮುಂದೆ. ಸಂಜೆ ಮಾರ್ವಾ, ಪೂರಿಯಾ. ಆಗ ಮಕ್ಕಳ ಹೋಂವರ್ಕು, ಕಸ, ದೀಪ. ದೀಪ ಹಚ್ಚಿದ ಮೇಲೆ ಯಮನ್. ಆಗ ಅನ್ನಕ್ಕಿಡುವ ಹೊತ್ತು. ನಮಗೆ ಕೈ ಬಿಡುವಾಗುವುದು ರಾತ್ರಿ ಒಂಬತ್ತರ ಮೇಲೆ. ಬಿಹಾಗ್, ಬಾಗೇಶ್ರೀ, ಮಾಲಕಂಸ, ದರ್ಬಾರಿ, ಇವೆಲ್ಲ ಆ ಮೇಲಿನ ಹೊತ್ತಿನ ರಾಗಗಳು. ಅಂದರೆ ನಮಗೆ ಬಿಡುವಿರುವ ಹೊತ್ತಿನ ಸಂಗೀತವೇ ನಮಗೆ ನಿಷಿದ್ಧ! ಭೈರವಿಯಿಂದ ಕಛೇರಿ ಮುಗಿಸುವುದು ರೂಢಿ. "ಬಸ್ಸು ತಪ್ಪುತ್ತದೆ" ಎಂದು ನಡುವೆಯೇ ಎದ್ದು ಹೋಗುವ ಹೆಂಗಸರು ಎಷ್ಟು ಭೈರವಿಗಳನ್ನು ಕೇಳದೆ ಮನೆ ಸೇರಿದ್ದೇವೋ!

ಇನ್ನು ಕಾರ್ಯಕ್ರಮ ಮಾಡುವವರಿಗೆ ಎರಡು ಮಾತು. ಕರಪತ್ರದಲ್ಲಿ "ಸಂಜೆ 6ಕ್ಕೆ ಸರಿಯಾಗಿ" ಎಂದಿರುತ್ತದೆ. ಆರಕ್ಕೆ ಹೋದರೆ ಕುರ್ಚಿ ಹಾಕುವ ಹುಡುಗರು ಮಾತ್ರ ಇರುತ್ತಾರೆ. ಮುಖ್ಯ ಅತಿಥಿಗಳು ಬರುವುದು ಏಳೂವರೆಗೆ. ಆಮೇಲೆ ಸ್ವಾಗತ, ಪ್ರಾಸ್ತಾವಿಕ, ಉದ್ಘಾಟನೆ, ಅಧ್ಯಕ್ಷೀಯ ಭಾಷಣ, ಶಾಲು, ಹಾರ, ಹಣ್ಣಿನ ಬುಟ್ಟಿ, ಫೋಟೋ. ಹಾಡುವವರು ಪರದೆಯ ಪಕ್ಕದಲ್ಲಿ ತಂಬೂರಿ ಶ್ರುತಿ ಮಾಡಿ, ಮತ್ತೆ ಶ್ರುತಿ ಇಳಿದು, ಮತ್ತೆ ಮಾಡಿ ಕೂತಿರುತ್ತಾರೆ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ಬಯಲಿನಲ್ಲಿ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಧ್ವನಿವರ್ಧಕ ಹಾಕುವಂತಿಲ್ಲ. ವರ್ಷದಲ್ಲಿ ಕೆಲವೇ ದಿನ ಸರ್ಕಾರ ವಿನಾಯಿತಿ ಕೊಡಬಹುದು. ಹೀಗಾಗಿ ನಮ್ಮ ಮೈದಾನದ ಕಾರ್ಯಕ್ರಮಗಳಲ್ಲಿ ಭಾಷಣಕ್ಕೆ ಒಂದೂವರೆ ಗಂಟೆ, ಹಾಡಿಗೆ ಒಂದು ಗಂಟೆ. ಮುಚ್ಚಿದ ಸಭಾಂಗಣಕ್ಕೆ ಆ ನಿಯಮದಲ್ಲಿ ರಿಯಾಯಿತಿ ಇದೆ. ಅಲ್ಲಿಯಾದರೂ ಮೊದಲ ಹಾಡು ಬರುವ ಹೊತ್ತಿಗೆ ಹೆಂಗಸರು ವಾಚು ನೋಡಿಕೊಳ್ಳಲು ಶುರುಮಾಡಿರುತ್ತಾರೆ. ಭಾಷಣಕ್ಕೆ "ಒನ್ಸ್ ಮೋರ್" ಎಂದು ಯಾರಾದರೂ ಕೂಗಿದ್ದನ್ನು ನಾನಂತೂ ಕೇಳಿಲ್ಲ. ಹಾಗಿದ್ದ ಮೇಲೆ ಅದಕ್ಕೆ ಅಷ್ಟು ಹೊತ್ತು ಯಾಕೆ?

ಶೌಚಾಲಯದ ಮಾತನ್ನು ಆಡಿದರೆ "ಟೀಚರ್, ಸಂಗೀತದ ನಡುವೆ ಇದೇನು?" ಎನ್ನುತ್ತಾರೆ. ಇದೇ ಮುಖ್ಯ ಸ್ವಾಮಿ. ಒಂದು ಊರಿನ ಸಭಾಂಗಣದಲ್ಲಿ, ಹೆಸರು ಬೇಡ, ಹೆಂಗಸರ ಶೌಚಾಲಯಕ್ಕೆ ಬೀಗ ಹಾಕಿತ್ತು. ಕೀಲಿ ಯಾರ ಹತ್ತಿರ ಎಂದರೆ ಕಾವಲುಗಾರನ ಹತ್ತಿರ, ಕಾವಲುಗಾರ ಎಲ್ಲಿ ಎಂದರೆ ಊಟಕ್ಕೆ. ಮಧುಮೇಹವಿರುವ ಐವತ್ತು ದಾಟಿದ ಹೆಂಗಸು ಮೂರು ಗಂಟೆ ಹೇಗೆ ಕೂರಬೇಕು? ಸಂಜೆಯಿಂದ ನೀರು ಕುಡಿಯದೆ ಬಂದು ಸಂಗೀತ ಕೇಳಬೇಕೆ? "ಹೆಂಗಸರಿಗೆ ಶಾಸ್ತ್ರೀಯ ಸಂಗೀತದಲ್ಲಿ ಆಸಕ್ತಿ ಕಡಿಮೆ" ಎಂದು ಅದೇ ವೇದಿಕೆಯ ಮೇಲೆ ಒಬ್ಬರು ಭಾಷಣದಲ್ಲಿ ಹೇಳಿದರು. ಆಸಕ್ತಿ ಇದೆ ಸ್ವಾಮಿ, ಕೀಲಿ ಇಲ್ಲ.

ಬಸ್ಸಿನ ಮಾತೂ ಅಷ್ಟೇ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನ ಪ್ರಯಾಣ ಉಚಿತವಾಯಿತು. ನಮ್ಮ ಹೆಂಗಸರು ದೇವಸ್ಥಾನಕ್ಕೆ, ತವರಿಗೆ, ಸಂತೆಗೆ ಹೋಗಿ ಬಂದರು. ಅದನ್ನೂ ನೋಡಿ ಹೊಟ್ಟೆ ಉರಿದುಕೊಂಡವರಿದ್ದಾರೆ. ಟಿಕೆಟ್ಟಿಲ್ಲದ ಬಸ್ಸು ಒಳ್ಳೆಯದೇ. ಆದರೆ ಹಾಡು ಮುಗಿದ ಮೇಲೆ ಮನೆಗೆ ಮರಳುವ ಬಸ್ಸೇ ಇಲ್ಲದಿದ್ದರೆ ಉಚಿತ ಎಂಬ ಮಾತು ಯಾರಿಗೆ ಉಪಯೋಗ? ವರ್ಷಕ್ಕೆ ನಾಲ್ಕಾರು ದೊಡ್ಡ ಕಾರ್ಯಕ್ರಮಗಳ ರಾತ್ರಿಯಾದರೂ ಬಳ್ಳಾರಿಯಿಂದ ಸಿರುಗುಪ್ಪಕ್ಕೆ, ಕುರುಗೋಡಿಗೆ ಹಾಡು ಮುಗಿದ ಮೇಲೆ ಒಂದೊಂದು ಬಸ್ಸು ಬಿಡಲಿ. ಜಾತ್ರೆಗೆ ವಿಶೇಷ ಬಸ್ಸು ಬಿಡುವುದಿಲ್ಲವೆ? ಹಾಡೂ ಒಂದು ಜಾತ್ರೆಯೇ.

ಸರ್ಕಾರ, ಸಂಘಟಕರು, ಗಂಡಂದಿರು, ಎಲ್ಲರನ್ನೂ ಬೈದ ಮೇಲೆ ನಮ್ಮವರಿಗೂ ಒಂದಿಷ್ಟು ಹೇಳದಿದ್ದರೆ ನ್ಯಾಯವಲ್ಲ. ಗೆಳತಿಯರೇ, ನಮ್ಮಲ್ಲಿ ಅನೇಕರಿಗೆ ಯಾರೂ ಬೇಡ ಎಂದಿಲ್ಲ, ನಾವೇ ಕೇಳಿಲ್ಲ. "ಅವರು ಊಟ ಬಡಿಸಿಕೊಳ್ಳುವುದಿಲ್ಲ" ಎನ್ನುತ್ತೀರಿ. ಆಫೀಸು, ಅಂಗಡಿ, ರೈಸ್ ಮಿಲ್ಲು ನಡೆಸಬಲ್ಲ ಗಂಡಸಿಗೆ ಸಾರಿನ ಪಾತ್ರೆಯ ಮುಚ್ಚಳ ತೆಗೆಯಲು ಬರುವುದಿಲ್ಲವೆ? ತಿಂಗಳಿಗೊಂದು ರಾತ್ರಿ ತೆಗೆದು ಕಲಿಯಲಿ. "ಟಿಕೆಟ್ಟಿಗೆ ಇನ್ನೂರು ರೂಪಾಯಿಯಂತೆ" ಎಂದು ಬಾಯಿ ಬಿಡುತ್ತೀರಿ. ಒಂದು ಸೀರೆಯ ಫಾಲ್ಸ್, ಕುಚ್ಚಿಗೆ ನಾವು ಅದಕ್ಕಿಂತ ಹೆಚ್ಚು ಕೊಡುತ್ತೇವೆ. ದಯವಿಟ್ಟು ಪಾಸು ಕೇಳಬೇಡಿ, ಟಿಕೆಟ್ಟು ಕೊಂಡು ಹೋಗಿ. ತಬಲಾದವರಿಗೂ ಮನೆಯಿದೆ, ಹಾರ್ಮೋನಿಯಂನವರಿಗೂ ಮಕ್ಕಳಿದ್ದಾರೆ. ದುಡ್ಡು ಕೊಟ್ಟು ಕೂತವಳಿಗೆ ಶೌಚಾಲಯದ ಕೀಲಿ ಕೇಳುವ ಗತ್ತೂ ಬರುತ್ತದೆ.

ಒಬ್ಬಳೇ ಹೋಗಲು ಹೆದರಿಕೆಯಾದರೆ ಹತ್ತು ಜನ ಕೂಡಿ. ನಾವು ಹಾಗೇ ಮಾಡಿದ್ದೇವೆ. ಮದುವೆ ದಿಬ್ಬಣಕ್ಕೆ ಬಾಡಿಗೆಗೆ ಕರೆಯುವ ಅದೇ ಕ್ರೂಸರ್ ಗಾಡಿ, ಅದೇ ಡ್ರೈವರು. ಮೊದಲ ಸಲ ಅವನೂ ಕೇಳಿದ, "ಯಾರ ಮದುವಿ ಟೀಚರಮ್ಮ?" ಎಂದು. ಎರಡನೆಯ ಸಲ ಕೇಳಲಿಲ್ಲ. ಮೂರನೆಯ ಸಲ ಗಾಡಿ ನಿಲ್ಲಿಸಿ ತಾನೂ ಒಳಗೆ ಬಂದು ಹಿಂದಿನ ಸಾಲಿನಲ್ಲಿ ನಿಂತು ಕೇಳಿದ. ಅರ್ಧ ರಾತ್ರಿಯಲ್ಲಿ ಗದ್ದೆಗಳ ನಡುವಿನ ರಸ್ತೆಯಲ್ಲಿ ಮರಳಿ ಬರುವಾಗ ಎಲ್ಲರೂ ಒಂದೊಂದು ಸಾಲು ನೆನಪು ಮಾಡಿಕೊಂಡು ಹಾಡುತ್ತೇವೆ. ಶ್ರುತಿ ಇಲ್ಲ, ತಾಳ ಇಲ್ಲ, ಯಾರಿಗೂ ಅದರ ಚಿಂತೆಯೂ ಇಲ್ಲ. ಮರುದಿನ ಪ್ರಾರ್ಥನೆಯ ಹೊತ್ತಿಗೆ ಸರಿಯಾಗಿ ಶಾಲೆಯಲ್ಲಿರುತ್ತೇವೆ. ಕಣ್ಣು ಸ್ವಲ್ಪ ಉರಿಯುತ್ತದೆ, ಅಷ್ಟೆ. ಪಾಠವೇನೂ ಕೆಡುವುದಿಲ್ಲ. ಹಾಡು ಕೇಳಿ ಬಂದ ಮರುದಿನ ಮಕ್ಕಳಿಗೆ ಪದ್ಯವನ್ನು ಓದಿ ಹೇಳುವ ಬದಲು ರಾಗವಾಗಿ ಹೇಳಿಕೊಡುತ್ತೇನೆ. ಹಿಂದಿನ ಬೆಂಚಿನ ಹುಡುಗಿಯರು ಆಗ ತಲೆ ಎತ್ತುತ್ತಾರೆ.

ಆ ಹುಡುಗಿಯರಿಗಾಗಿಯೂ ಈ ಮಾತನ್ನು ಹೇಳುತ್ತಿದ್ದೇನೆ. ಅವರು ನಾಳೆ ನೌಕರಿ ಮಾಡುತ್ತಾರೆ, ದುಡಿಯುತ್ತಾರೆ, ಮನೆ ನಡೆಸುತ್ತಾರೆ. ಅದನ್ನು ಕಲಿಸಲು ಎಲ್ಲರೂ ಇದ್ದಾರೆ. ಬಿಡುವಿನ ಒಂದು ಸಂಜೆಯನ್ನು ಯಾರಿಗೂ ಲೆಕ್ಕ ಕೊಡದೆ ತನ್ನ ಸಂತೋಷಕ್ಕೆ ಕಳೆಯುವುದನ್ನು ಅವರು ನಮ್ಮನ್ನು ನೋಡಿಯೇ ಕಲಿಯಬೇಕು. ಮುಂದಿನ ಬಾರಿ ಸಂಗೀತದ ಕರಪತ್ರ ನಿಮ್ಮ ಮನೆಯ ಬಾಗಿಲಿಗೆ ಬಂದರೆ ಅದನ್ನು ಡಬ್ಬಿಯ ತಳಕ್ಕೆ ಹಾಸಬೇಡಿ. ತಾರೀಖು ನೋಡಿ ಪಕ್ಕದ ಮನೆಯವರನ್ನು ಕೂಗಿ. ಎಲ್ಲಿಗೆ, ಯಾಕೆ ಎಂದು ಯಾರಾದರೂ ಕೇಳಿದರೆ ಮದುವೆ ಎನ್ನಬೇಡಿ, ದೇವರು ಎನ್ನಬೇಡಿ. ಹಾಡು ಕೇಳಲಿಕ್ಕೆ ಎನ್ನಿ.